ಅಪ್‌ಡೇಟ್: ಡ್ಯುಯಲ್ ಫ್ಯೂಯಲ್ ಹೀಟ್ ಪಂಪ್ ಗ್ಯಾಸ್‌ಗೆ ಬದಲಾಗ್ತಿರ್ಲಿಲ್ಲ, ಈಗ ಸರಿಹೋಯ್ತು

ನಮ್ಮ ಮನೆ ಬಿಸಿ ಮಾಡೋ ಡ್ಯುಯಲ್ ಫ್ಯೂಯಲ್ ಹೀಟ್ ಪಂಪ್ (ಮಾಮೂಲಿ ಚಳಿಗೆ ಕರೆಂಟಲ್ಲಿ, ಚಳಿ ಜಾಸ್ತಿ ಆದ್ರೆ ಗ್ಯಾಸಲ್ಲಿ ಬಿಸಿ ಮಾಡೋದು) ಇದೆಯಲ್ಲ, ಚಳಿ ಜಾಸ್ತಿ ಆದ್ರೂ ಅದರ ಹೊರಗಿನ ಯೂನಿಟ್ ಗ್ಯಾಸ್‌ಗೆ ಹೋಗ್ದೆ ಬರೀ ಉಗುರುಬೆಚ್ಚಗಿನ ಗಾಳಿ ಬಿಡ್ತಿದೆ ಅಂತ ಕೇಳಿದ್ನಲ್ಲ, ಸರಿಹೋಯ್ತು ಮಾರಾಯ್ರೆ. ಹೊರಗಿನ ಟೆಂಪರೇಚರ್ ಸೆನ್ಸರ್ ನೋಡಿ ಅಂದವ್ರಿಗೆ ದೊಡ್ಡ ಥ್ಯಾಂಕ್ಸ್. ಅದರ ವೈರ್ ಟರ್ಮಿನಲ್ ಹತ್ರ ಸಡ್ಲ ಆಗಿತ್ತು, ಹೊರಗೆ ಎಷ್ಟು ಚಳಿ ಇದೆ ಅಂತ ಬಿಸಿ ಕಂಟ್ರೋಲ್ ಮಾಡೋ ಥರ್ಮೋಸ್ಟಾಟ್‌ಗೆ ಗೊತ್ತಾಗ್ದೇ ಇದ್ರೆ ಎಷ್ಟು ಡಿಗ್ರಿಗೆ ಇಳಿದಾಗ ಗ್ಯಾಸ್ ಅಂತ ಸೆಟ್ ಮಾಡಿಟ್ಟು ಏನು ಪ್ರಯೋಜನ ಹೇಳಿ. ಫಿಲ್ಟರ್ ಬದಲಿಸಿದ್ರಿಂದ ಏನೂ ಆಗ್ಲಿಲ್ಲ (ಕೊಳೆ ಅಂತೂ ಆಗಿತ್ತು ಬಿಡಿ), ರೆಫ್ರಿಜರೆಂಟ್ (ಪೈಪ್ ಒಳಗೆ ಸುತ್ತಿ ಬಿಸಿ ಸಾಗಿಸೋ ದ್ರವ್ಯ) ಕಮ್ಮಿ ಇರ್ಬೇಕು ಅಂತ ಕೆಲವ್ರು ಅಂದಿದ್ರು, ಟೆಕ್ನಿಷಿಯನ್ ಗೇಜ್ ಹಾಕಿ ನೋಡಿದ್ರೆ ಪ್ರೆಶರ್ ಸರಿಯಾಗೇ ಇತ್ತು.

ಆಶ್ಚರ್ಯ ಆಗಿದ್ದು ಏನಂದ್ರೆ, ಯೂನಿಟ್‌ನಿಂದ ಹೊಗೆ ತರ ಬರ್ತಿದ್ದದ್ದು ಹೊಗೆ ಅಲ್ವೇ ಅಲ್ಲ, ಕಾಯಿಲ್ (ಯೂನಿಟ್‌ನ ಪೈಪ್ ಸುರುಳಿ) ಮೇಲೆ ಕಟ್ಟಿದ ಮಂಜು ಕರಗಿಸೋ ಡಿಫ್ರಾಸ್ಟ್ ಟೈಮಲ್ಲಿ ಬರೋ ಹಬೆ ಅಂತೆ, ಆಗ ಮನೆಯೊಳಗೆ ತಣ್ಣನೆ ಗಾಳಿ ಬರ್ಬಾರ್ದು ಅಂತ ಗ್ಯಾಸ್ ಬರ್ನರ್ ಸ್ವಲ್ಪ ಹೊತ್ತು ಆನ್ ಆಗುತ್ತೆ.

ನೀವೇ ಕವರ್ ಬಿಚ್ಚೋಕೆ ಹೋಗ್ಬೇಡಿ. ಟೆಕ್ನಿಷಿಯನ್ ಕೂಡ ಮೊದ್ಲು ಪಕ್ಕದ ಡಿಸ್ಕನೆಕ್ಟ್ ಸ್ವಿಚ್ ಆಫ್ ಮಾಡಿ, ಗ್ಯಾಸ್ ವಾಲ್ವ್ ಬಂದ್ ಮಾಡಿ ಆಮೇಲೇ ಕೈ ಹಾಕಿದ್ದು, ಪವರ್ ಆಫ್ ಆದ್ಮೇಲೂ ಕರೆಂಟ್ ಹಿಡಿದಿಟ್ಕೊಳ್ಳೋ ಕೆಪಾಸಿಟರ್ ಶಾಕ್ ಹೊಡೆಯುತ್ತಂತೆ. ಕೊನೇಲಿ ಗ್ಯಾಸ್ ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿದ್ರು, ಬರ್ಲಿಲ್ಲ.