ಏಳು ದಿನ ದಾಟಿದ ಬರಹಕ್ಕೂ ದುಡ್ಡು ಬರುವಂತೆ ಮಾಡಬಹುದಾ?

ಪ್ರಶ್ನೆ: ಸೋಮವಾರಪೇಟೆ ಕಡೆಯ ಬೆಳೆಗಾರ್ತಿ

ಮೇಡಂ, ನಮಸ್ಕಾರ. ನಮ್ಮದು ಸಣ್ಣ ತೋಟ. ಕಾಫಿ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ತೋಟದ ಕೆಲಸದ ಬಗ್ಗೆ ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳು ಒಟ್ಟಿಗೆ ಇಟ್ಟುಕೊಳ್ಳುವ ದಾಖಲೆ ಪುಸ್ತಕ) ಮೇಲೆ ನಡೆಯುವ ಒಂದು ತಾಣದಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಓಟು ಬಿದ್ದರೆ ಟೋಕನ್ ಸಿಗುತ್ತದೆ, ಅದನ್ನು ಮಾರಿ ದುಡ್ಡು ಮಾಡಿಕೊಳ್ಳಬಹುದು.

ಅಲ್ಲಿ ಮೆಣಸಿನ ಬಳ್ಳಿಗೆ ರೋಗ ಬಾರದಂತೆ ಹೊಡೆಯುವ ಬೋರ್ಡೋ ಮಿಶ್ರಣ ತಯಾರಿಸುವ ಬಗ್ಗೆ ಒಂದು ಬರಹ ಹಾಕಿದ್ದೆ. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು ಒಟ್ಟು 100 ಲೀಟರ್. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್‌ನಲ್ಲಿ ಕರಗಿಸಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ನಿಧಾನಕ್ಕೆ ಸುರಿಯಬೇಕು. ಆಮೇಲೆ ಹೊಳೆಯುವ ಚಾಕು ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಪಗೆ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಅವತ್ತು ಮಾಡಿದ್ದನ್ನು ಅವತ್ತೇ ಹೊಡೆದು ಮುಗಿಸಬೇಕು. ಇಷ್ಟನ್ನೂ ಫೋಟೊ ಸಮೇತ ಬರೆದಿದ್ದೆ.

ಈಗಲೂ ಮೇ ತಿಂಗಳು ಬಂತು ಅಂದರೆ ಜನ ಅದನ್ನು ಹುಡುಕಿಕೊಂಡು ಬರುತ್ತಾರೆ. ಮಳೆ ಹಿಡಿಯುವ ಮೊದಲು ಬಳ್ಳಿಗೆ ಹೊಡೆಯಬೇಕಲ್ಲ. ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಎರಡನೇ ಸಲ ಹೊಡೆಯುವವರೂ ಬರುತ್ತಾರೆ. ಆದರೆ ದುಡ್ಡು ಬಂದದ್ದು ಮೊದಲ ಏಳು ದಿನದ ಓಟಿಗೆ ಮಾತ್ರ. ಅದೇ ವಾರ ಯಾರೋ ಹಾಕಿದ ಸೂರ್ಯೋದಯದ ಫೋಟೊಗೆ ನನ್ನ ಬರಹಕ್ಕಿಂತ ಜಾಸ್ತಿ ಸಿಕ್ಕಿತ್ತು. ಒಂದೇ ವರ್ಷದ ಶುಂಠಿಗೆ ಬೆಲೆ, ವರ್ಷಗಟ್ಟಲೆ ಕಾಯಿ ಕೊಡುವ ಮೆಣಸಿನ ಬಳ್ಳಿಗೆ ಬೆಲೆ ಇಲ್ಲ ಅಂದಹಾಗಾಯಿತು. ಇದಕ್ಕೆ ಏನಾದರೂ ದಾರಿ ಇದೆಯಾ?

ಉತ್ತರ: ಗೋಣಿಕೊಪ್ಪಲು, ಬ್ಲಾಕ್‌ಚೈನ್ ಸಾಫ್ಟ್‌ವೇರ್ ಎಂಜಿನಿಯರ್

ಅಕ್ಕ, ತಾಣದ ಹೆಸರು ನೀವು ಹೇಳಿಲ್ಲ. ಆದರೆ ಏಳು ದಿನ ಅಂದಮೇಲೆ ಅದು ಸ್ಟೀಮ್ ಅಥವಾ ಹೈವ್ ಇರಬೇಕು. ಹಾಗಾಗಿ ಅವುಗಳ ಲೆಕ್ಕವನ್ನೇ ಹೇಳುತ್ತೇನೆ.

ಸ್ಟೀಮ್ ಶುರುವಾದದ್ದು 2016ರಲ್ಲಿ. ಆಗ ಬರಹಕ್ಕೆ ಎರಡು ಕಂತು ಇತ್ತು. ಮೊದಲನೆಯದು ಸುಮಾರು ಒಂದು ದಿನಕ್ಕೆ, ಎರಡನೆಯದು 30 ದಿನಕ್ಕೆ. 2017ರಲ್ಲಿ ನಿಯಮ ಬದಲಾಯಿಸಿ, ಏಳು ದಿನಕ್ಕೆ ಒಂದೇ ಕಂತು ಅಂತ ಮಾಡಿದರು. 2020ರ ಮಾರ್ಚ್‌ನಲ್ಲಿ ಸ್ಟೀಮ್‌ನಿಂದ ಒಡೆದು ಹೊರಬಂದ ಹೈವ್ ಕೂಡ ಅದನ್ನೇ ಇಟ್ಟುಕೊಂಡಿತು.

ದುಡ್ಡು ಎಲ್ಲಿಂದ ಬರುತ್ತದೆ ಅಂತ ಗೊತ್ತಾದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ. ಹೈವ್ ಪ್ರತಿ 3 ಸೆಕೆಂಡಿಗೆ ಒಂದು ಬ್ಲಾಕ್, ಅಂದರೆ ಹೊಸ ದಾಖಲೆಗಳ ಒಂದು ಕಟ್ಟು ಮಾಡುತ್ತದೆ. ಅದರ ಜೊತೆ ಸ್ವಲ್ಪ ಹೊಸ ಟೋಕನ್ ಹುಟ್ಟುತ್ತದೆ. ಹೀಗೆ ಹುಟ್ಟಿದ್ದರಲ್ಲಿ ನೂರಕ್ಕೆ 65 ಭಾಗ ಬರಹಗಳ ನಿಧಿಗೆ ಹೋಗುತ್ತದೆ. ಅವತ್ತವತ್ತು ಏಳು ದಿನ ತುಂಬುವ ಬರಹಗಳು ಆ ನಿಧಿಯನ್ನು ಓಟಿನ ತೂಕಕ್ಕೆ ತಕ್ಕಂತೆ ಹಂಚಿಕೊಳ್ಳುತ್ತವೆ. ಒಂದು ಬರಹಕ್ಕೆ ಬಂದದ್ದರಲ್ಲಿ ಅರ್ಧ ಬರೆದವರಿಗೆ, ಅರ್ಧ ಓಟು ಹಾಕಿದವರಿಗೆ. ಓಟಿನ ತೂಕ ಎಲ್ಲರದ್ದೂ ಒಂದೇ ಅಲ್ಲ. ಯಾರ ಖಾತೆಯಲ್ಲಿ ಟೋಕನ್ ಜಾಸ್ತಿ ಬೀಗ ಹಾಕಿ ಕೂತಿದೆಯೋ ಅವರ ಓಟಿಗೆ ತೂಕ ಜಾಸ್ತಿ.

ಈಗ ನಿಮ್ಮ ಮೇ ತಿಂಗಳ ಓದುಗರನ್ನು ನೆನಪಿಸಿಕೊಳ್ಳಿ. ಸಿದ್ದಾಪುರದ ಕಡೆಯ ಒಬ್ಬ ಬೆಳೆಗಾರ ಗೂಗಲ್‌ನಲ್ಲಿ ಹುಡುಕಿ ಬರುತ್ತಾನೆ. ಡ್ರಮ್ ಪಕ್ಕ ನಿಂತು ಫೋನಿನಲ್ಲಿ ಓದುತ್ತಾನೆ, ಚಾಕು ಅದ್ದಿ ನೋಡುತ್ತಾನೆ, ಹೋಗುತ್ತಾನೆ. ಅವನಿಗೆ ಅಲ್ಲಿ ಖಾತೆಯೇ ಇಲ್ಲ. ಇದ್ದರೂ ಅದರಲ್ಲಿ ಟೋಕನ್ ಇಲ್ಲ. ಅಂದರೆ ಬರಹದಿಂದ ಉಪಯೋಗ ಆದದ್ದು ಒಬ್ಬರಿಗೆ, ಓಟು ಇರುವುದು ಬೇರೆಯವರ ಕೈಯಲ್ಲಿ. ನಿಜವಾದ ತೊಡಕು ಇದು. ಏಳು ದಿನವನ್ನು ಎಪ್ಪತ್ತು ವರ್ಷ ಮಾಡಿದರೂ ಆ ಬೆಳೆಗಾರನ ಕಡೆಯಿಂದ ನಿಮಗೆ ಒಂದು ಪೈಸೆ ಬರುವುದಿಲ್ಲ. ಹಾಗಾಗಿ ದಿನ ಹೆಚ್ಚಿಸಿ ಅಂತ ಕೇಳುವುದಕ್ಕಿಂತ, ಉಪಯೋಗ ಪಡೆದವರಿಂದ ಬರೆದವರಿಗೆ ಒಂದು ದಾರಿ ಮಾಡಿಕೊಡುವುದು ಮುಖ್ಯ ಅಂತ ನನ್ನ ಗಟ್ಟಿ ಅಭಿಪ್ರಾಯ.

ಈಗಿರುವ ನಿಯಮದೊಳಗೇ ಕೆಲವು ಕೆಲಸ ಮಾಡಬಹುದು.

ಹಳೇ ಬರಹದ ಕೆಳಗೆ ಬೀಳುವ ಕಾಮೆಂಟಿಗೆ ಅದರದ್ದೇ ಹೊಸ ಏಳು ದಿನ ಇರುತ್ತದೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಕಾಮೆಂಟ್ ಹಾಕುವಾಗ ಅದರ ಗಳಿಕೆ ಯಾರಿಗೆ ಹೋಗಬೇಕು ಅಂತ ನಿಗದಿ ಮಾಡಬಹುದು. ಅಲ್ಲಿ ಅದಕ್ಕೆ ಬೆನಿಫಿಷಿಯರಿ ಅನ್ನುತ್ತಾರೆ. ಅಂದರೆ ಖಾತೆ ಇರುವ ಯಾವುದೇ ಓದುಗ ನಿಮ್ಮ ಹಳೇ ಬರಹದ ಕೆಳಗೆ 'ಈ ವರ್ಷ ಇದರಂತೆ ಮಾಡಿದೆ, ಬಳ್ಳಿ ಉಳಿಯಿತು' ಅಂತ ಬರೆದು, ಆ ಕಾಮೆಂಟಿನಲ್ಲಿ ಬರೆದವರಿಗೆ ಬರುವ ಪಾಲನ್ನು ನೂರಕ್ಕೆ ನೂರು ನಿಮ್ಮ ಖಾತೆಗೆ ಬರೆದುಕೊಡಬಹುದು. ಓಟು ಇರುವವರು ಆ ಕಾಮೆಂಟಿಗೆ ಓಟು ಹಾಕಿದರೆ ಹಳೇ ಬರಹಕ್ಕೇ ಹಾಕಿದ ಹಾಗೆ. ನೀವೂ ಮೇ ಮೊದಲ ವಾರ ನಿಮ್ಮದೇ ಬರಹದ ಕೆಳಗೆ ಆ ವರ್ಷದ ವಿಷಯ ಹಾಕಿ. ಮಳೆ ಯಾವಾಗ ಹಿಡಿಯಿತು, ಮೈಲುತುತ್ತದ ಬೆಲೆ ಎಷ್ಟಾಯಿತು, ಅಂಟು ಬೆರೆಸಿದಾಗ ಎಲೆ ಮೇಲೆ ಎಷ್ಟು ನಿಂತಿತು, ಇಂಥದ್ದು. ಅದೇ ಬರಹವನ್ನು ಹಾಗೇ ನಕಲು ಮಾಡಿ ಹೊಸದಾಗಿ ಹಾಕಬೇಡಿ. ಡೌನ್‌ವೋಟ್ (ಗಳಿಕೆ ಇಳಿಸುವ ವಿರೋಧದ ಓಟು) ಬೀಳುತ್ತದೆ, ಬೀಳಬೇಕಾದದ್ದೇ. ಇನ್ನೊಂದು ಮಾತು. ಒಟ್ಟು ಗಳಿಕೆ 2 ಸೆಂಟ್ ದಾಟದಿದ್ದರೆ ಏನೂ ಕೊಡುವುದಿಲ್ಲ. ಆದ್ದರಿಂದ ಹತ್ತು ಚಿಕ್ಕ ಕಾಮೆಂಟಿಗಿಂತ ಒಂದು ಗಟ್ಟಿ ಕಾಮೆಂಟ್ ಮೇಲು.

ನೇರವಾಗಿ ಟಿಪ್ ಕೊಡಲು ಏಳು ದಿನದ ಮಿತಿ ಇಲ್ಲ. ಖಾತೆಯಿಂದ ಖಾತೆಗೆ ಹಣ ಹಾಕಿದಂತೆಯೇ ಅದು. ಆದರೆ ಖಾತೆ ಇಲ್ಲದ ನಮ್ಮೂರಿನವರಿಗೆ ಅದೂ ದೂರದ ಮಾತು. ಬರಹದ ಕೊನೆಯಲ್ಲಿ ನಿಮ್ಮ ಯುಪಿಐ ಕ್ಯೂಆರ್ ಹಾಕಿಕೊಳ್ಳಿ. ಬ್ಲಾಕ್‌ಚೈನ್ ಬರಹದಲ್ಲಿ ಯುಪಿಐ ಯಾಕೆ ಅಂತ ಯಾರಾದರೂ ಕೇಳಿದರೆ ಕೇಳಲಿ ಬಿಡಿ.

ಮರುಪ್ರಶ್ನೆ: ಪೊನ್ನಂಪೇಟೆ ಅರಣ್ಯ ಕಾಲೇಜಿನ ವಿದ್ಯಾರ್ಥಿ

ಅಕ್ಕ, ಹಳೇ ಬರಹಕ್ಕೂ ಓಟು ಹಾಕುವ ಹಾಗೆ ಕೋಡ್ ಬದಲಾಯಿಸಿದರೆ ಏನು ತೊಂದರೆ? ಅಥವಾ ಎಷ್ಟು ಜನ ಓದಿದರು ಅಂತ ಎಣಿಸಿ ಕೊಟ್ಟರೆ ಆಗಲ್ವಾ?

ಉತ್ತರ

ತಮ್ಮ, ಒಳ್ಳೇ ಪ್ರಶ್ನೆ. ಮೊದಲು ಓದಿನ ಎಣಿಕೆ. ಯಾರು ಓದಿದರು ಅನ್ನುವುದು ಚೈನ್ ಮೇಲೆ ದಾಖಲಾಗುವುದಿಲ್ಲ. ಬರೆದದ್ದು, ಓಟು ಹಾಕಿದ್ದು, ಹಣ ಕಳಿಸಿದ್ದು, ಇಂಥದ್ದು ಮಾತ್ರ ದಾಖಲೆ. ಓದನ್ನು ಎಣಿಸುವುದು ಯಾವುದೋ ಒಂದು ವೆಬ್‌ಸೈಟಿನ ಸರ್ವರ್. ಅದನ್ನು ನಂಬಿ ಹಣ ಹಂಚಿದರೆ ಮಾರನೇ ದಿನವೇ ಬಾಟ್‌ಗಳು (ಮನುಷ್ಯರಂತೆ ನಟಿಸುವ ಪ್ರೋಗ್ರಾಂಗಳು) 'ಓದಲು' ಶುರುಮಾಡುತ್ತವೆ. ಸುಳ್ಳು ಓದು ಹುಟ್ಟಿಸುವುದು ಬಹಳ ಅಗ್ಗ.

ಇನ್ನು ಓಟಿನ ಕಿಟಕಿ ಸದಾ ತೆರೆದಿಡುವುದು. ಹೊಸ ಬರಹದ ಮೇಲೆ ಹತ್ತಾರು ಜನರ ಕಣ್ಣು ಇರುತ್ತದೆ. ದೊಡ್ಡ ಖಾತೆಯವನೊಬ್ಬ ತನ್ನದೇ ಎರಡು ಸಾಲಿನ ಬರಹಕ್ಕೆ ಓಟು ಹಾಕಿಕೊಂಡರೆ ಯಾರಾದರೂ ನೋಡಿ ಡೌನ್‌ವೋಟ್ ಹಾಕುತ್ತಾರೆ. ಮೂರು ವರ್ಷದ ಹಿಂದಿನ ಬರಹಕ್ಕೆ ನಡುರಾತ್ರಿ ಓಟು ಹಾಕಿಕೊಂಡರೆ ಯಾರು ನೋಡುತ್ತಾರೆ? ನಿಧಿ ಎಲ್ಲರದ್ದೂ ಒಂದೇ. ಒಬ್ಬ ಸದ್ದಿಲ್ಲದೆ ತೆಗೆದದ್ದು ಉಳಿದವರ ಪಾಲಿನಿಂದಲೇ ಹೋಗುತ್ತದೆ. ಅದೂ ಅಲ್ಲದೆ, ಲೆಕ್ಕ ಮುಗಿಯದ ಪ್ರತಿ ಬರಹದ ಓಟುಗಳನ್ನು ಚೈನ್ ನಡೆಸುವ ಕಂಪ್ಯೂಟರ್‌ಗಳು ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಏಳು ದಿನದ್ದನ್ನು ಇಟ್ಟುಕೊಳ್ಳಬಹುದು. ಹುಟ್ಟಿದಾಗಿನಿಂದ ಬಂದದ್ದೆಲ್ಲ ಇಟ್ಟುಕೊಳ್ಳಿ ಅಂದರೆ ಭಾರ.

ನನಗೆ ಹೆಚ್ಚು ಭರವಸೆ ಇರುವುದು ಹಿಂದಿರುಗಿ ನೋಡಿ ಕೊಡುವ ಕ್ರಮದಲ್ಲಿ. ಆಪ್ಟಿಮಿಸಂ ಅನ್ನುವ ಬ್ಲಾಕ್‌ಚೈನ್‌ನವರು 2021ರಲ್ಲಿ ಇದನ್ನು ಶುರುಮಾಡಿದರು. ಎಲ್ಲರ ಉಪಯೋಗಕ್ಕೆ ಅಂತ ಈಗಾಗಲೇ ಮಾಡಿ ಮುಗಿಸಿದ ಕೆಲಸಗಳನ್ನು ನೋಡಿ, ಮೊದಲ ಸುತ್ತಿನಲ್ಲಿ 10 ಲಕ್ಷ ಡಾಲರ್ ಹಂಚಿದರು. ಮೂರನೇ ಸುತ್ತಿಗೆ ಅದು ಅವರದ್ದೇ ಟೋಕನ್ ಆದ ಓಪಿಯಲ್ಲಿ 3 ಕೋಟಿಗೆ ಏರಿತು. ಅವರ ವಾದ ಸರಳ. ಮುಂದೆ ಯಾವುದು ಉಪಯೋಗಕ್ಕೆ ಬರುತ್ತದೆ ಅಂತ ಹೇಳುವುದು ಕಷ್ಟ, ಯಾವುದು ಉಪಯೋಗಕ್ಕೆ ಬಂತು ಅಂತ ಹೇಳುವುದು ಸುಲಭ. ಅವರು ಕೊಟ್ಟದ್ದು ಹೆಚ್ಚಾಗಿ ಸಾಫ್ಟ್‌ವೇರ್ ಕೆಲಸಕ್ಕೆ. ಬೋರ್ಡೋ ಬರಹಕ್ಕೂ ಇದೇ ನ್ಯಾಯ ಚೆನ್ನಾಗಿ ಹೊಂದುತ್ತದೆ. ಮೊದಲ ವಾರದಲ್ಲಿ ಅದು ಒಳ್ಳೆಯದೋ ಅಲ್ಲವೋ ಅಂತ ಯಾರಿಗೆ ಗೊತ್ತು? ಮಳೆಗಾಲ ಮುಗಿದ ಮೇಲೆ ಬಳ್ಳಿ ನೋಡಿದರೆ ತಾನೇ ಗೊತ್ತಾಗುವುದು.

ಇದಕ್ಕೆ ಕೋಡ್ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಬೆಳೆಗಾರರ ಸಂಘವೊಂದು ವರ್ಷಕ್ಕೆ ಒಂದಿಷ್ಟು ಹಣ ತೆಗೆದಿಟ್ಟು, ಮಳೆಗಾಲ ಕಳೆದ ಮೇಲೆ ಸದಸ್ಯರನ್ನೇ ಕೇಳಬಹುದು. 'ಈ ವರ್ಷ ನಿಮ್ಮ ತೋಟಕ್ಕೆ ಯಾವ ಬರಹ ನೆರವಾಯಿತು, ಎಷ್ಟೇ ಹಳೆಯದಾದರೂ ಸರಿ ಹೇಳಿ.' ಬಂದ ಉತ್ತರದಂತೆ ಹಂಚುವುದು. ಇಲ್ಲಿ ಓಟು ಟೋಕನ್ ಇದ್ದವನ ಕೈಯಲ್ಲಿಲ್ಲ, ಸ್ಪ್ರೇಯರ್ ಹಿಡಿದವನ ಕೈಯಲ್ಲಿದೆ. ಚೈನ್ ಇಲ್ಲಿ ಒಂದೇ ಕೆಲಸಕ್ಕೆ ಬೇಕು. ಯಾರು ಮೊದಲು ಅಲ್ಲಿ ಹಾಕಿದರು, ಯಾವ ದಿನ ಹಾಕಿದರು ಅನ್ನುವುದನ್ನು ಆಮೇಲೆ ಯಾರೂ ತಿದ್ದಲಾಗುವುದಿಲ್ಲ. ಅಲ್ಲಿಂದ ಕದ್ದು ಹಾಕಿದವನಿಗೆ ಬಹುಮಾನ ಹೋಗುವುದು ಇದರಿಂದ ಬಹುಮಟ್ಟಿಗೆ ತಪ್ಪುತ್ತದೆ.

ಎನ್‌ಎಫ್‌ಟಿ (ಒಂದು ಕೃತಿಯ ಒಡೆತನ ತೋರಿಸುವ, ಮಾರಬಹುದಾದ ಟೋಕನ್) ಮಾಡಿ ಮರುಮಾರಾಟದ ರಾಯಧನ ಪಡೆಯಿರಿ ಅಂತಲೂ ಹೇಳುವವರಿದ್ದಾರೆ. ದೊಡ್ಡ ಮಾರುಕಟ್ಟೆಯಾದ ಓಪನ್‌ಸೀ 2023ರಲ್ಲಿ ರಾಯಧನವನ್ನು ಕಡ್ಡಾಯ ಮಾಡುವುದನ್ನು ಕೈಬಿಟ್ಟಿತು. ಸಂಗ್ರಹಕಾರರು ಕೊಳ್ಳುವ ಚಿತ್ರಕ್ಕೆ ಆ ದಾರಿ ಇರಬಹುದು, ಸುಣ್ಣ ಮೈಲುತುತ್ತದ ಬರಹಕ್ಕೆ ಅಲ್ಲ.

ಮರುಪ್ರಶ್ನೆ: ನಾಪೋಕ್ಲು ಕಡೆಯ ನಿವೃತ್ತ ಮೇಷ್ಟ್ರು

ನಾನು ಐನ್‌ಮನೆಗಳ (ಕೊಡವ ಕುಟುಂಬಗಳ ಮೂಲ ಮನೆಗಳ) ಫೋಟೊ ಮತ್ತು ಹಿರಿಯರು ಹೇಳಿದ ವಿವರ ಸೇರಿಸುತ್ತಿದ್ದೇನೆ. ನನಗೆ ದುಡ್ಡು ಮುಖ್ಯ ಅಲ್ಲ. ಚೈನ್ ಮೇಲೆ ಹಾಕಿದರೆ ಶಾಶ್ವತವಾಗಿ ಉಳಿಯುತ್ತದೆ ಅನ್ನುತ್ತಾರಲ್ಲ, ಹೌದಾ?

ಉತ್ತರ

ಸರ್, ಅಕ್ಷರ ಉಳಿಯುತ್ತದೆ. ಅದಕ್ಕೆ ದೊಡ್ಡ ಸಾಕ್ಷಿ ಇದೆ. 2020ರಲ್ಲಿ ಸ್ಟೀಮ್ ಕಟ್ಟಿದ ಸ್ಟೀಮಿಟ್ ಕಂಪನಿ ಬೇರೆಯವರ ಕೈಗೆ ಹೋಗಿ ಜಗಳವಾಗಿ ಹೈವ್ ಬೇರೆಯಾಯಿತು. ಅದಕ್ಕೆ ಮೊದಲು ಬರೆದದ್ದೆಲ್ಲ ಇವತ್ತು ಎರಡೂ ಚೈನ್‌ಗಳಲ್ಲಿದೆ. ಕಂಪನಿ ಕೈಬದಲಾದರೂ ಬರಹ ಅಳಿಯಲಿಲ್ಲ.

ಆದರೆ ಫೋಟೊ ಚೈನ್ ಮೇಲೆ ಇರುವುದಿಲ್ಲ. ಅಲ್ಲಿರುವುದು ಫೋಟೊದ ವಿಳಾಸ ಮಾತ್ರ. ಫೋಟೊ ಒಂದು ಸಾಮಾನ್ಯ ಸರ್ವರ್‌ನಲ್ಲಿ ಇರುತ್ತದೆ. ಆ ಸರ್ವರ್ ನಿಂತರೆ ಕಂಬದ ಕೆತ್ತನೆ, ಹಿರಿಯರ ಗುಡಿಯಾದ ಕೈಮಡ, ಎಲ್ಲ ಖಾಲಿ ಚೌಕ ಆಗುತ್ತದೆ. ಬೋರ್ಡೋ ಬರೆದ ಅಕ್ಕನಿಗೂ ಇದೇ ಮಾತು. ಚಾಕುವಿನ ಮೇಲಿನ ಕೆಂಪು ಹೇಗಿರುತ್ತದೆ ಅಂತ ಮಾತಲ್ಲೂ ಬರೆದಿಡಿ. ಫೋಟೊಗಳಿಗೆ ಆರ್‌ವೀವ್ ಅನ್ನುವ, ಫೈಲ್‌ಗಳನ್ನೇ ಇಡುವ ಬ್ಲಾಕ್‌ಚೈನ್ ನೋಡಬಹುದು. 2018ರಲ್ಲಿ ಶುರುವಾದದ್ದು. ಒಂದೇ ಸಲ ಹಣ ಕಟ್ಟಿದರೆ, ಆ ಹಣದ ಹೆಚ್ಚಿನ ಭಾಗ ಒಂದು ನಿಧಿಗೆ ಸೇರಿ ಮುಂದೆ ಫೈಲ್ ಕಾಯುವವರಿಗೆ ಸಿಗುತ್ತಾ ಹೋಗುತ್ತದೆ. ಅದನ್ನು ನಂಬಿಯೂ ಹಾರ್ಡ್ ಡಿಸ್ಕ್‌ನಲ್ಲಿ ಒಂದು ಪ್ರತಿ ಇರಲಿ.

ಇನ್ನೊಂದು, ಸರ್. ಹಾಕಿದ್ದನ್ನು ಪೂರ್ತಿ ಅಳಿಸಲು ಆಗುವುದಿಲ್ಲ. ತಿದ್ದಿದರೂ ಹಳೇ ರೂಪ ಚೈನ್‌ನಲ್ಲಿ ಸಿಗುತ್ತದೆ. ಒಕ್ಕದ (ಕುಲದ) ಹಿರಿಯರ ಒಪ್ಪಿಗೆ ಮೊದಲು ಪಡೆಯಿರಿ. ಜಾಗದ ತಕರಾರು, ಬದುಕಿರುವವರ ಮನೆ ವಿಷಯ ಸೇರಿಸಬೇಡಿ.

ಮರುಪ್ರಶ್ನೆ: ವಿರಾಜಪೇಟೆಯಿಂದ ಒಬ್ಬರು

ತೆರಿಗೆ?

ಉತ್ತರ

ಟೋಕನ್ ಮಾರಿ ಬಂದ ಲಾಭಕ್ಕೆ 2022ರ ಏಪ್ರಿಲ್ 1ರಿಂದ 30 ಪರ್ಸೆಂಟ್, ಮೇಲೆ ಸೆಸ್. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಅದೇ ವರ್ಷ ಜುಲೈ 1ರಿಂದ ಮಾರಾಟದ ಮೇಲೆ 1 ಪರ್ಸೆಂಟ್ ಟಿಡಿಎಸ್ ಕೂಡ ಬಂತು. ತೋಟದ ಬಗ್ಗೆ ಬರೆದು ಗಳಿಸಿದ್ದು ಕೃಷಿ ಆದಾಯ ಆಗುವುದಿಲ್ಲ, ಬೆರೆಸಬೇಡಿ. ಟೋಕನ್ ಕೈಗೆ ಬಂದ ದಿನದ ಬೆಲೆ ಬರೆದಿಟ್ಟುಕೊಂಡು ಆಡಿಟರಿಗೆ ತೋರಿಸಿ.

ಮತ್ತೆ ಸೋಮವಾರಪೇಟೆಯ ಬೆಳೆಗಾರ್ತಿ

ಮೇಡಂ, ಈ ಸಲ ಮೇ ತಿಂಗಳಿಗೆ ಹೊಸ ಬರಹವನ್ನೇ ಹಾಕೋಣ ಅಂತಿದ್ದೇನೆ. ಚೆಟ್ಟಳ್ಳಿಯ ಸಂಶೋಧನಾ ಕೇಂದ್ರದಲ್ಲಿ ಕೇಳಿ ತಿಳಿದ ವಿಷಯಗಳಿವೆ. ನಮ್ಮ ಪಕ್ಕದ ತೋಟದವರೂ ತಮ್ಮ ಅನುಭವ ಬರೆದುಕೊಟ್ಟಿದ್ದಾರೆ. ಅವರಿಗೂ ಪಾಲು ಕೊಡಬೇಕು. ಆಮೇಲೆ ಎಷ್ಟು ಬರುತ್ತದೆ ನೋಡಿಕೊಂಡು ಪಾಲು ಬರೆಯಬಹುದಾ?

ಉತ್ತರ

ಇಲ್ಲ ಅಕ್ಕ. ಬೆನಿಫಿಷಿಯರಿಯನ್ನು ಬರಹ ಹಾಕುವಾಗಲೇ ಬರೆಯಬೇಕು. ಓಟು ಬಿದ್ದ ಮೇಲೆ ಬದಲಾಯಿಸಲು ಬರುವುದಿಲ್ಲ. ಅವರಿಗೆ ಖಾತೆ ಇಲ್ಲದಿದ್ದರೆ ಮೊದಲು ಮಾಡಿಸಿ, ಹೆಸರಿನ ಸ್ಪೆಲ್ಲಿಂಗ್ ಸರಿ ಇದೆಯಾ ಅಂತ ಎರಡು ಸಲ ನೋಡಿ. ಒಂದು ಬರಹಕ್ಕೆ ಎಂಟು ಖಾತೆಗಳವರೆಗೆ ಹಂಚಬಹುದು. ಹಳೇ ಬರಹದ ಕೊಂಡಿ ಹೊಸದರಲ್ಲೂ, ಹೊಸದರ ಕೊಂಡಿ ಹಳೆಯದರ ಕೆಳಗೂ ಹಾಕಿ. ಗೂಗಲ್‌ನಿಂದ ಬರುವವರು ಇಳಿಯುವುದು ಹಳೆಯದಕ್ಕೇ. ನಿಮ್ಮ ಬರಹ ನೋಡಿ ಬೇರೆ ಯಾರಾದರೂ ಬರೆದರೆ, ಅವರ ಗಳಿಕೆಯಲ್ಲಿ ಐದೋ ಹತ್ತೋ ಭಾಗ ನಿಮಗೆ ಬರೆಯಿರಿ ಅಂತ ಸಂಕೋಚವಿಲ್ಲದೆ ಕೇಳಿ. ನೀವೂ ಬೇರೆಯವರ ಹಳೇ ಬರಹ ಬಳಸಿದಾಗ ಹಾಗೇ ಮಾಡಿ.