ಗ್ರಂಥಾಲಯದ ಗೋಡೆಗೆ ದಿವಂಗತ ಗಣ್ಯರ ಪರಿಚಯ: ನೂರು ಪದದಲ್ಲಿ ಏನು ಬರೆಯಬೇಕು, ಏನು ಬಿಡಬೇಕು?

ಓದುಮನೆ:
ಪಂಚಾಯಿತಿ ಗ್ರಂಥಾಲಯಕ್ಕೆ ಫಲಕ ಮಾಡಿಸುತ್ತಿದ್ದೇವೆ. ಒಂದು ಫಲಕಕ್ಕೆ ಒಬ್ಬರು, ತಲಾ ನೂರು ಪದ. ಅಳತೆ 2x3 ಅಡಿ. ಪಟ್ಟಿಯಲ್ಲಿ ಪಂಪ, ಅತ್ತಿಮಬ್ಬೆ, ಕಿಟ್ಟೆಲ್, ಗಾಯಕಿ ಬೆಂಗಳೂರು ನಾಗರತ್ನಮ್ಮ, ವಿಶ್ವೇಶ್ವರಯ್ಯ, ಬೇಂದ್ರೆ, ಕುವೆಂಪು, ಗಂಗೂಬಾಯಿ ಹಾನಗಲ್ ಇದ್ದಾರೆ. ವಿಶ್ವೇಶ್ವರಯ್ಯನವರ ಜನ್ಮವರ್ಷ ಒಂದು ಕಡೆ 1860, ಇನ್ನೊಂದು ಕಡೆ 1861. ಯಾವುದು ಹಾಕಬೇಕು? "ಕನ್ನಂಬಾಡಿ ಕಟ್ಟೆ ಕಟ್ಟಿದವರು" ಎಂದು ಬರೆದರೆ ಸರಿಯೇ? ಪಂಪನಂಥವರಿಗೆ ಇಸವಿ ಹೇಗೆ ಕೊಡುವುದು? ಮಕ್ಕಳು ಇದನ್ನೇ ನೋಡಿಕೊಂಡು ಬರೆಯುತ್ತಾರೆ, ಆದ್ದರಿಂದ ತಪ್ಪು ಉಳಿಯಬಾರದು.

ಕರಡು_ತಿದ್ದು:
ವಿಶ್ವೇಶ್ವರಯ್ಯನವರ ವಿಷಯದಲ್ಲಿ ಸೆಪ್ಟೆಂಬರ್ 15ಕ್ಕೆ ತಕರಾರಿಲ್ಲ, ವರ್ಷಕ್ಕೆ ಮಾತ್ರ. ಸರ್ಕಾರಿ ಬರಹಗಳಲ್ಲಿ ಹೆಚ್ಚಾಗಿ ಕಾಣುವುದು 1861. ಅವರ ಜನ್ಮಶತಾಬ್ದಿಯ ಅಂಚೆಚೀಟಿ ಬಂದದ್ದು ಮಾತ್ರ 1960ರಲ್ಲಿ. ತೀರಿಕೊಂಡ ದಿನವೂ 1962ರ ಏಪ್ರಿಲ್ 12 ಮತ್ತು 14 ಎಂದು ಎರಡು ಬಗೆಯಲ್ಲಿ ಅಚ್ಚಾಗಿದೆ. ಫಲಕದಲ್ಲಿ "1861–1962" ಎಂದಷ್ಟೇ ಹಾಕಿ, ದಿನಾಂಕ ಬೇಡ. ವಯಸ್ಸಂತೂ ಬರೆಯಲೇಬೇಡಿ. 1861 ಹಿಡಿದರೆ ನೂರು ತುಂಬಿ ನೂರೊಂದು ನಡೆಯುತ್ತಿತ್ತು, 1860 ಹಿಡಿದರೆ ನೂರೊಂದು ತುಂಬಿತ್ತು. ತುಂಬಿದ ವಯಸ್ಸನ್ನೂ ನಡೆಯುವ ವಯಸ್ಸನ್ನೂ ಬೆರೆಸುವುದರಿಂದಲೇ "102 ವರ್ಷ ಬಾಳಿದರು" ಎಂಬುದು ಹುಟ್ಟುತ್ತದೆ.

ಇಸವಿಗಿಂತ ಹೆಚ್ಚು ಹಾನಿ ಮಾಡುವುದು ಕ್ರಿಯಾಪದ. ಕಟ್ಟಿದರು, ಸ್ಥಾಪಿಸಿದರು, ಕಂಡುಹಿಡಿದರು ಎಂಬ ಮೂರನ್ನು ಎಲ್ಲಿ ಕಂಡರೂ ನಿಂತು ಕೇಳಿ: ಆಗ ಇವರ ಹುದ್ದೆ ಏನಿತ್ತು? ವಿಶ್ವೇಶ್ವರಯ್ಯ 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು, 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿ ಕೆಲಸ 1911ರಲ್ಲಿ ಆರಂಭವಾಗಿ ಮುಗಿದದ್ದು 1930ರ ದಶಕದ ಮೊದಲಲ್ಲಿ. ಹಾಗಾಗಿ "ಮುಖ್ಯ ಇಂಜಿನಿಯರ್ ಆಗಿ ಯೋಜನೆ ರೂಪಿಸಿ ಕೆಲಸ ಆರಂಭಿಸಿದರು" ಎಂದರೆ ಸರಿ. ಮೈಸೂರು ವಿಶ್ವವಿದ್ಯಾನಿಲಯ (1916), ಸಾಹಿತ್ಯ ಪರಿಷತ್ತು (1915) ಎರಡಕ್ಕೂ "ಇವರು ದಿವಾನರಾಗಿದ್ದಾಗ ಸ್ಥಾಪನೆಯಾಯಿತು" ಎನ್ನಿ. ವಿಶ್ವವಿದ್ಯಾನಿಲಯದ ಮೊದಲ ಕುಲಪತಿ, ಪರಿಷತ್ತಿನ ಮೊದಲ ಅಧ್ಯಕ್ಷ ಎರಡೂ ಆಗಿದ್ದ ಎಚ್.ವಿ. ನಂಜುಂಡಯ್ಯನವರ ಹೆಸರು ಇಂಥ ಫಲಕಗಳಲ್ಲಿ ಕಾಣುವುದೇ ಇಲ್ಲ. ಅದು ಅನ್ಯಾಯ. ಜಾಗ ಸಿಕ್ಕರೆ ಅವರಿಗೂ ಒಂದು ಫಲಕ ಮಾಡಿಸಿ.

ಶಕವರ್ಷ:
ಹಳೆಯ ಇಸವಿಗಳಿಗೆ: ಶಕವರ್ಷಕ್ಕೆ 78 ಕೂಡಿಸಿ. ಆದರೆ ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ 79 ಕೂಡಿಸಬೇಕು, ಏಕೆಂದರೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ, ಶಕವರ್ಷ ಇನ್ನೂ ಬದಲಾಗಿರುವುದಿಲ್ಲ. ಬೇಂದ್ರೆ ಹುಟ್ಟಿದ್ದು 1896ರ ಜನವರಿ 31, ಅಂದರೆ ಶಕ 1817. 78 ಕೂಡಿಸಿದರೆ 1895 ಬಂದುಬಿಡುತ್ತದೆ. ಜಾತಕ ನೋಡಿ ಇಸವಿ ಬರೆದವರು ಎಡವುವುದು ಇಲ್ಲೇ.

ತಾಳೆ ನೋಡಲು ಸಂವತ್ಸರ ಬಳಸಿ. ಅದು 60 ವರ್ಷಕ್ಕೊಮ್ಮೆ ಮರಳುತ್ತದೆ. ಪಂಪ ಆದಿಪುರಾಣ ಮುಗಿಸಿದ್ದು ಶಕ 863, ಪ್ಲವ ಸಂವತ್ಸರದ ಕಾರ್ತಿಕದಲ್ಲಿ. 863ಕ್ಕೆ 78 ಸೇರಿ 941. ಇತ್ತೀಚಿನ ಪ್ಲವ 2021-22. 2021ರಲ್ಲಿ 941 ಕಳೆದರೆ 1080, ಅದು ಅರವತ್ತರ ಹದಿನೆಂಟು ಪಟ್ಟು. ಲೆಕ್ಕ ಕೂಡಿತು. ಶೇಷ ಉಳಿದರೆ ಶಕವನ್ನೋ ಸಂವತ್ಸರವನ್ನೋ ಯಾರೋ ತಪ್ಪಾಗಿ ಓದಿದ್ದಾರೆ ಎಂದರ್ಥ. ಪಂಪನ ಜನನ 902 ಎನ್ನುವುದು ದುಂದುಭಿ ಸಂವತ್ಸರದ ಆಧಾರದ ಮೇಲೆ ವಿದ್ವಾಂಸರು ಕಟ್ಟಿದ ಲೆಕ್ಕ, ಆದ್ದರಿಂದ ಅದಕ್ಕೆ "ಸುಮಾರು" ಸೇರಿಸಿ. 941ಕ್ಕೆ ಸೇರಿಸಬೇಡಿ.

ಅತ್ತಿಮಬ್ಬೆಗೆ ಹುಟ್ಟು ಸಾವಿನ ಇಸವಿಯ ಗೋಜು ಬೇಡ. "ಹತ್ತನೆಯ ಶತಮಾನದ ಕೊನೆ, ಹನ್ನೊಂದರ ಆರಂಭ" ಎಂದು ಬರೆದು ಎರಡು ಗಟ್ಟಿ ಇಸವಿ ಕೊಡಿ: ಅವರ ಆಶ್ರಯದಲ್ಲಿ ರನ್ನ ಬರೆದ ಅಜಿತಪುರಾಣ (993), ಲಕ್ಕುಂಡಿಯ ಶಾಸನ (1007). ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿದ್ದು ಗ್ರಂಥಾಲಯದ ಗೋಡೆಯ ಮೇಲೆ ಇರಲೇಬೇಕಾದ ಮಾತು.

ಊರು_ಹೆಸರು:
ಊರಿನ ತಪ್ಪುಗಳನ್ನೂ ನೋಡಿಕೊಳ್ಳಿ. ಕುವೆಂಪು ಹುಟ್ಟಿದ್ದು ಕುಪ್ಪಳಿಯಲ್ಲಲ್ಲ, ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ಕುಪ್ಪಳಿ. ಗಂಗೂಬಾಯಿ ಹುಟ್ಟಿದ್ದು ಧಾರವಾಡದಲ್ಲಿ, ಹಾನಗಲ್ ಮನೆತನದ ಊರು. ವಿಶ್ವೇಶ್ವರಯ್ಯನವರ ಮೋಕ್ಷಗುಂಡಂ ಆಂಧ್ರದಲ್ಲಿರುವ ಪೂರ್ವಿಕರ ಊರು, ಹುಟ್ಟೂರು ಮುದ್ದೇನಹಳ್ಳಿ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ, ಆದ್ದರಿಂದ "ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ" ಎಂದು ಬರೆಯಿರಿ.

"ಮೊದಲ" ಎಂಬ ಪದ ಕಂಡಲ್ಲೆಲ್ಲ ಪರೀಕ್ಷಿಸಿ. ಕಿಟ್ಟೆಲ್ ಅವರದು ಮೊದಲ ಕನ್ನಡ–ಇಂಗ್ಲಿಷ್ ನಿಘಂಟು ಅಲ್ಲ, ವಿಲಿಯಂ ರೀವ್ ಅವರದು 1832ರಲ್ಲೇ ಬಂದಿತ್ತು. ಮೊದಲ ಕನ್ನಡ ಪತ್ರಿಕೆ ಮಂಗಳೂರು ಸಮಾಚಾರ (1843) ಮೋಗ್ಲಿಂಗ್ ಅವರದು, ಆಗ ಕಿಟ್ಟೆಲ್‌ಗೆ ಹನ್ನೊಂದು ವರ್ಷ. ಮಾದರಿಗೆ ಇದನ್ನು ನೋಡಿ:

"ಫರ್ಡಿನಾಂಡ್ ಕಿಟ್ಟೆಲ್ (1832–1903). ನಿಘಂಟುಕಾರ, ಹಳಗನ್ನಡ ಗ್ರಂಥ ಸಂಪಾದಕ. ಉತ್ತರ ಜರ್ಮನಿಯ ಕರಾವಳಿ ಸೀಮೆಯ ರೆಸ್ಟರ್‌ಹಾಫೆಯಲ್ಲಿ ಹುಟ್ಟಿದರು. 1853ರಲ್ಲಿ ಬಾಸೆಲ್ ಮಿಷನ್ ಪರವಾಗಿ ಭಾರತಕ್ಕೆ ಬಂದರು. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಸುಮಾರು 70,000 ಪದಗಳ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು."

ಇದರಲ್ಲಿ "ಮಹಾನ್", "ಅಪ್ರತಿಮ" ಯಾವುದೂ ಇಲ್ಲ. ಉಳಿದ ಜಾಗಕ್ಕೆ ನಿಘಂಟಿನ ಒಂದು ಪದದ ವಿವರಣೆಯನ್ನು ಹಾಗೆಯೇ ಎತ್ತಿ ಹಾಕಿ, ಹೊಗಳಿಕೆಗಿಂತ ಅದು ಹೆಚ್ಚು ಹೇಳುತ್ತದೆ.

ಓದುಮನೆ:
ತುಂಬಾ ಉಪಕಾರವಾಯಿತು. ನಾಗರತ್ನಮ್ಮನವರ (1878–1952) ಫಲಕದಲ್ಲಿ ದೇವದಾಸಿ ಮನೆತನದ ಮಾತು ಬೇಡ ಎಂದು ಸಮಿತಿಯ ಕೆಲವರು ಹೇಳುತ್ತಿದ್ದಾರೆ. ಏನು ಮಾಡಲಿ?

ಊರು_ಹೆಸರು:
ದಯವಿಟ್ಟು ಬಿಡಬೇಡಿ. ಅದನ್ನು ತೆಗೆದರೆ ಉಳಿದದ್ದಕ್ಕೆ ಅರ್ಥವೇ ಬರುವುದಿಲ್ಲ. ತೆಲುಗು ಕವಯಿತ್ರಿ ಮುದ್ದುಪಳನಿಯ ರಾಧಿಕಾ ಸಾಂತ್ವನವನ್ನು ಅವರು 1910ರಲ್ಲಿ ಪೂರ್ಣವಾಗಿ ಪ್ರಕಟಿಸಿದಾಗ ಎದ್ದ ಕೂಗು, ಬ್ರಿಟಿಷ್ ಸರ್ಕಾರದ ನಿಷೇಧ ಎರಡೂ ಆ ಹಿನ್ನೆಲೆಗೆ ಅಂಟಿಕೊಂಡಿವೆ. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಲು ತಮ್ಮ ಗಳಿಕೆ ಸುರಿದವರೂ ಅವರೇ. "ನಂಜನಗೂಡಿನಲ್ಲಿ ದೇವದಾಸಿ ಮನೆತನದಲ್ಲಿ ಹುಟ್ಟಿದರು" ಎಂದು ವಿಶೇಷಣವಿಲ್ಲದೆ ಎರಡನೆಯ ವಾಕ್ಯದಲ್ಲಿ ಹೇಳಿ, ಮುಂದಕ್ಕೆ ಹೋಗಿ.

ಕರಡು_ತಿದ್ದು:
ಅಚ್ಚಿಗೆ ಕೊಡುವ ಮೊದಲು ಎರಡು ಮಾತು. ಅಕ್ಷರ ಒಂದು ಸೆಂ.ಮೀ. ಎತ್ತರವಿದ್ದರೆ ನೂರು ಪದ ಹದಿಮೂರು ಹದಿನಾಲ್ಕು ಸಾಲಾಗುತ್ತದೆ. ಸಾಲಿನಿಂದ ಸಾಲಿಗೆ ಎರಡು ಸೆಂ.ಮೀ. ಬಿಡಿ, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮೇಲಿನ ಅರ್ಧ ಚಿತ್ರಕ್ಕೆ ಉಳಿಯುತ್ತದೆ. ಪಂಪನಿಗೆ ಕಲ್ಪನೆಯ ಚಿತ್ರದ ಬದಲು ಅವನ ತಮ್ಮ ಜಿನವಲ್ಲಭ ಬರೆಸಿದ ತೆಲಂಗಾಣದ ಕುರ್ಕ್ಯಾಲ ಬಂಡೆ ಶಾಸನದ್ದು ಹಾಕಿ, ಅತ್ತಿಮಬ್ಬೆಗೆ ಲಕ್ಕುಂಡಿಯ ಬ್ರಹ್ಮ ಜಿನಾಲಯದ್ದು.

ಫ್ಲೆಕ್ಸ್ ಅಂಗಡಿಯವರು ಯೂನಿಕೋಡ್ ಪಠ್ಯವನ್ನು "ನುಡಿ" ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ಅರ್ಕಾವತ್ತು ಜಾರುತ್ತದೆ, "ಟ್ಯೂಬಿಂಗೆನ್‌ನಲ್ಲಿ" ಎಂಬುದು "ಟ್ಯೂಬಿಂಗೆನ್ನಲ್ಲಿ" ಆಗುತ್ತದೆ, ಇಸವಿಗಳ ನಡುವಿನ ಗೆರೆ ಮಾಯವಾಗಿ 18321903 ಎಂದು ಬೀಳುವುದೂ ಉಂಟು. ಹಾಗಾಗಿ ಕೊನೆಯ ಕರಡನ್ನು ನಿಮ್ಮ ಫೈಲಿನಲ್ಲಿ ಅಲ್ಲ, ಅವರು ಬದಲಿಸಿದ ಮೇಲೆ ತೆಗೆದ ಪಿಡಿಎಫ್‌ನಲ್ಲಿ ತಿದ್ದಿ. ಇಸವಿಗಳನ್ನು ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಮೂಲದ ಜೊತೆ ಹೋಲಿಸಲಿ.