ಹತ್ತು ನಿಮಿಷ ಬಿಟ್ರೆ ತಾನೇ ಸ್ಟಾರ್ಟ್ ಆಗುವ ಕಾರು

ನಮ್ಮ ಗುಂಪಿನಲ್ಲಿ ಒಬ್ಬನ ಹತ್ತಿರ ಹಳೇ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಕಾರಿದೆ. ಅರ್ಧ ಗಂಟೆ ಚೆನ್ನಾಗಿ ಓಡುತ್ತದೆ, ಆಮೇಲೆ ನಡುರಸ್ತೆಯಲ್ಲಿ ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟರೆ ತಾನೇ ಸ್ಟಾರ್ಟ್. ಹಾಗಾಗಿ ಅದನ್ನು ರಿಪೇರಿ ಮಾಡಿದ ಕೀರ್ತಿ ನಮ್ಮೆಲ್ಲರಿಗೂ ಸಿಕ್ಕಿದೆ. ಒಬ್ಬ ಟೈರಿಗೆ ಒದ್ದ, ಸ್ಟಾರ್ಟ್ ಆಯಿತು. ಇನ್ನೊಬ್ಬ ಬ್ಯಾಟರಿ ವೈರ್ ಅಲ್ಲಾಡಿಸಿದ, ಆಗಲೂ ಆಯಿತು. ನಾನು ಬಾನೆಟ್ ಎತ್ತಿ ಸುಮ್ನೆ ಗಂಭೀರವಾಗಿ ನೋಡಿದೆ, ಅದಕ್ಕೂ ಆಯಿತು.

“ಪೆಟ್ರೋಲ್ ಎಳೆಯೋ ಪಂಪ್ ಬದಲಾಯಿಸು” ಎಂದ ನಮ್ಮ ಬಿಡಿಭಾಗ ತಜ್ಞ.

“ಬದಲಾಯಿಸಿದ್ದಾಯ್ತು.”

“ಫಿಲ್ಟರ್?”

“ಅದೂ ಹೊಸದು.”

“ಕಾರ್ಬುರೇಟರ್?”

“ಬಿಚ್ಚಿ ತೊಳೆಸಿದೆ.”

“ಹಾಗಾದ್ರೆ ಕಾರೇ ಬದಲಾಯಿಸು.”

ಅಷ್ಟು ಹೊತ್ತು ಸುಮ್ಮನಿದ್ದ ಗೆಳತಿ ಕೇಳಿದಳು: “ಅದು ಸಾಯೋದು ಹೇಗೆ? ಜಗ್ಗಿ ಜಗ್ಗಿ ಸಾಯುತ್ತಾ, ಇಲ್ಲ ಕೀ ಆಫ್ ಮಾಡಿದ ಹಾಗೆ ಫಟ್ ಅಂತಾನಾ?”

“ಜಗ್ಗಿ ಜಗ್ಗಿ. ಜಾಸ್ತಿ ಆಕ್ಸಿಲರೇಟರ್ ಕೊಟ್ರೆ ಇನ್ನೂ ಬೇಗ.”

“ಹಾಗಾದ್ರೆ ಪೆಟ್ರೋಲಿನದ್ದೇ ತಕರಾರು ಇರಬೇಕು. ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡೋ ಕಾಯಿಲ್ ಬಿಸಿಯಾಗಿ ಕೈಕೊಟ್ರೆ ಸಾಮಾನ್ಯವಾಗಿ ಫಟ್ ಅಂತ ಹೋಗುತ್ತೆ. ಆದರೆ ಪರೀಕ್ಷೆ ಮಾಡಬೇಕಾದ್ದು ಅದು ಸತ್ತಾಗ. ನೀವೆಲ್ಲ ಅದು ಎದ್ದ ಮೇಲೆ ನಾಡಿ ಹಿಡೀತೀರಿ.”

ಸತ್ತ ತಕ್ಷಣ ಏರ್ ಕ್ಲೀನರ್ ಮುಚ್ಚಳ ತೆಗೆದು ಕಾರ್ಬುರೇಟರ್ ಗಂಟಲೊಳಗೆ ನೋಡಬೇಕಂತೆ. ಕೈಯಲ್ಲಿ ಥ್ರಾಟಲ್ (ಆಕ್ಸಿಲರೇಟರ್ ತುಳಿದಾಗ ತೆರೆಯುವ ಭಾಗ) ಎಳೆದರೆ ಪಿಚಕ್ ಅಂತ ಪೆಟ್ರೋಲ್ ಚಿಮ್ಮಬೇಕು. ಚಿಮ್ಮಿದರೆ ಕಾರ್ಬುರೇಟರಿನ ಬೌಲಿನಲ್ಲಿ, ಅಂದರೆ ಅದರ ಪುಟ್ಟ ಬಟ್ಟಲಿನಲ್ಲಿ, ಪೆಟ್ರೋಲ್ ಇದೆ, ಪ್ಲಗ್ಗಿನ ಕಿಡಿ ನೋಡಿ. ಚಿಮ್ಮದಿದ್ದರೆ ಪೆಟ್ರೋಲ್ ಅಲ್ಲಿವರೆಗೆ ಬರುತ್ತಲೇ ಇಲ್ಲ. ಇದನ್ನು ಕೇಳುತ್ತಿದ್ದವನೊಬ್ಬ ಸಿಗರೇಟ್ ಹಚ್ಚಿದ. ಪರೀಕ್ಷೆಯ ದಿನ ನೀನು ಬರಲೇಬೇಡ ಎಂದು ಅಲ್ಲೇ ತೀರ್ಮಾನವಾಯಿತು.

“ಸರಿ, ಯಾಕೆ ಬರಲ್ಲ?”

“ಟ್ಯಾಂಕಿನ ಮುಚ್ಚಳದಿಂದ ಶುರು ಮಾಡು. ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು, ಅಲ್ವಾ? ಗಾಳಿ ಬರೋ ತೂತು ಕಟ್ಟಿದ್ರೆ ಪಂಪ್ ಎಷ್ಟಂತ ಎಳೆಯುತ್ತೆ? ನಿಂತ ಕೂಡಲೇ ಮುಚ್ಚಳ ತೆಗಿ. ಬುಸ್ ಅಂದು, ಸ್ವಲ್ಪ ಸೆಲ್ಫ್ ಹೊಡೆದ ಕೂಡಲೇ ಎದ್ರೆ ಮುಚ್ಚಳವೇ ಕಳ್ಳ.”

“ಅಲ್ಲದಿದ್ರೆ?”

“ಪಂಪಿಗೂ ಪೈಪಿಗೂ ಒದ್ದೆ ಬಟ್ಟೆ ಸುತ್ತು. ಪೆಟ್ರೋಲಿನ ಹಗುರ ಅಂಶ 40 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತೆ. ಪೈಪಿನಲ್ಲಿ ಆವಿ ತುಂಬಿದ್ರೆ ಪಂಪ್ ಸುಮ್ನೆ ಆವಿಯನ್ನೇ ಹಿಸುಕ್ತಾ ಇರುತ್ತೆ. ಆಮೇಲೆ ಟ್ಯಾಂಕಿಂದ ಪಂಪಿಗೆ ಬರೋ ರಬ್ಬರ್ ಪೈಪ್ ನೋಡು.”

“ಅದು ಒಂದು ಹನಿಯೂ ಸೋರ್ತಿಲ್ಲ!”

“ಸೋರಬೇಕು ಅಂತಿಲ್ಲ. ಅಲ್ಲಿ ಬಿರುಕಿದ್ರೆ ಗಾಳಿ ಎಳ್ಕೊಳ್ಳುತ್ತೆ.”

ನನ್ನದು ಕಾರ್ಬುರೇಟರ್ ಇಲ್ಲದೆ ಒತ್ತಡದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಕಾರು, ನನಗೇನು ಭಯವಿಲ್ಲ ಎಂದು ಇನ್ನೊಬ್ಬ ಬೀಗಿದ. ಅವನಿಗೂ ಪಾಠವಾಯಿತು. ಕೀ ಆನ್ ಮಾಡಿದರೆ ಹಿಂದಿನಿಂದ ಒಂದೆರಡು ಸೆಕೆಂಡ್ ಪಂಪಿನ ಗುಂಯ್ ಎನ್ನುವ ಸದ್ದು ಬರಬೇಕು. ಬರದಿದ್ದರೆ ಮೊದಲು ಫ್ಯೂಸ್, ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್) ನೋಡಬೇಕು. ಸದ್ದು ಬಂದರೂ ಪ್ರೆಶರ್ ಇದೆ ಎಂದು ನಂಬುವಂತಿಲ್ಲ, ಗೇಜ್ ಹಾಕಬೇಕು. ಅನೇಕ ಕಾರುಗಳಲ್ಲಿ ಅದು 3 ಬಾರ್ ಹತ್ತಿರ ಇರುತ್ತದೆ. ಅಷ್ಟು ಒತ್ತಡ ಇಳಿಸದೆ ಪೈಪ್ ಬಿಚ್ಚಿದರೆ ಮುಖಕ್ಕೇ ಪೆಟ್ರೋಲ್.

ಭಾನುವಾರ ಎಲ್ಲರೂ ಕಾರಿನಲ್ಲಿ ತುಂಬಿಕೊಂಡು ಹೊರಟೆವು. ನಿಲ್ಲಲಿ ಅಂತ ಕಾಯುತ್ತಿದ್ದರಿಂದ ಕಾರು ನಿಲ್ಲಲೇ ಇಲ್ಲ. ಬೇಜಾರಾಗಿ ತಿರುಗಿಸಿಕೊಂಡು ವಾಪಸ್ ಬರುವಾಗ ಜಗ್ಗಿತು, ನಿಂತಿತು. ನಾವು ಚಪ್ಪಾಳೆ ತಟ್ಟಿದೆವು. ದಾರಿಹೋಕರು ನಮ್ಮನ್ನು ಏನೆಂದುಕೊಂಡರೋ.

ಗಂಟಲಿನಲ್ಲಿ ಪಿಚಕ್ ಇಲ್ಲ. ಮುಚ್ಚಳ ತೆಗೆದರೆ ಬುಸ್ ಇಲ್ಲ. ಒದ್ದೆ ಬಟ್ಟೆ ಸುತ್ತಿದರೂ ಏಳಲಿಲ್ಲ. ಪೈಪಿನಲ್ಲೂ ಬಿರುಕಿಲ್ಲ. ಗೆಳತಿ ಪಂಪಿನ ಹತ್ತಿರ ಪೈಪ್ ಬಿಚ್ಚಿ, ಟ್ಯಾಂಕಿನ ಕಡೆಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆದಳು. ಮೊದಲು ಒತ್ತಲು ಬರಲಿಲ್ಲ. ಆಮೇಲೆ ಟ್ಯಾಂಕಿನೊಳಗೆ ಗುಳುಗುಳು. ಪೈಪ್ ಹಾಕಿ ಸೆಲ್ಫ್ ಹೊಡೆದರೆ ಹತ್ತು ನಿಮಿಷ ಕಾಯದೆಯೇ ಕಾರು ಎದ್ದಿತು!

ಮರುದಿನ ಟ್ಯಾಂಕ್ ಇಳಿಸಿದಾಗ ಕೆಂಪು ತುಕ್ಕಿನ ಪುಡಿ ಅಂಗೈ ತುಂಬ ಬಂತು. ಓಡುವಾಗ ಅದು ಒಳಗಿನ ಜಾಲರಿಗೆ ಮೆತ್ತಿಕೊಳ್ಳುತ್ತಿತ್ತು. ಎಂಜಿನ್ ನಿಂತು ಎಳೆತ ತಪ್ಪಿದರೆ ಮೆಲ್ಲಗೆ ಉದುರುತ್ತಿತ್ತು.

ಬಿಡಿಭಾಗ ತಜ್ಞ ಬಗ್ಗಿ ನೋಡಿ ಹೇಳಿದ: “ನೋಡಿದ್ರಾ? ಟ್ಯಾಂಕ್ ಒಂದು ಬಾಕಿ ಇತ್ತು. ಬದಲಾಯಿಸು.”